ರೈಲು ಎಂಜಿನ್ನು ಮತ್ತು ಗ್ರಿಡ್‌ನ ಅಲೆ

ಹಳಿಯ ಪಕ್ಕದಲ್ಲಿ ರೈಲ್ವೆಯ ಸಬ್‌ಸ್ಟೇಷನ್ ಕಂಡರೆ ಒಳಗೆ ಬರುವ ತಂತಿಗಳನ್ನು ಎಣಿಸಿ ನೋಡಿ. ರಾಜ್ಯದ ಗ್ರಿಡ್‌ನಲ್ಲಿ ಮೂರು ಫೇಸ್ ಇದ್ದರೂ ರೈಲ್ವೆ ಸಾಮಾನ್ಯವಾಗಿ ಎರಡನ್ನಷ್ಟೇ ಪಡೆಯುತ್ತದೆ. ಅಲ್ಲಿನ ಟ್ರಾನ್ಸ್‌ಫಾರ್ಮರ್ 110 ಅಥವಾ 220 ಕಿಲೋವೋಲ್ಟ್ ವಿದ್ಯುತ್ತನ್ನು 25 ಕಿಲೋವೋಲ್ಟ್‌ಗೆ ಇಳಿಸಿ ಹಳಿಯ ಮೇಲಿನ ತಂತಿಗೆ ಕೊಡುತ್ತದೆ. ರೈಲುಗಳಿಂದ ಗ್ರಿಡ್‌ಗೆ ಅಲೆಯ ತೊಂದರೆಯೊಂದು ದಾಟುವುದು ಈ ಸಬ್‌ಸ್ಟೇಷನ್ ಮೂಲಕ. ಅದು ಹುಟ್ಟುವುದು ಎಂಜಿನ್ನಿನ ಹೊಟ್ಟೆಯಲ್ಲಿ.

ಗ್ರಿಡ್‌ನ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುವ ನುಣುಪಾದ ಅಲೆ. ಡಬ್ಲ್ಯೂಎಜಿ-7, ಡಬ್ಲ್ಯೂಎಪಿ-4ರಂಥ ಹಳೆಯ ಎಂಜಿನ್ನುಗಳ ಮೋಟಾರಿಗೆ ಬೇಕಿರುವುದು ಡಿಸಿ. ಡಯೋಡ್‌ಗಳು ಎಸಿಯನ್ನು ಡಿಸಿಯಾಗಿಸುತ್ತವೆ. ಅವುಗಳ ಮುಂದಿರುವ ದೊಡ್ಡ ಸುರುಳಿ ಮೋಟಾರಿನ ಕರೆಂಟು ಏರುಪೇರಾಗದಂತೆ ಹಿಡಿದಿಡುತ್ತದೆ. ಹೀಗಾಗಿ ಎಂಜಿನ್ನು ತಂತಿಯಿಂದ ಎಳೆಯುವ ಕರೆಂಟು ತಟ್ಟನೆ ಏರಿ, ಅರ್ಧ ಆವರ್ತ ಸಮತಟ್ಟಾಗಿ ನಿಂತು, ತಟ್ಟನೆ ಮಗುಚುತ್ತದೆ. ಅಲೆ ಚೌಕವಾಗುತ್ತದೆ.

ಮರುಕಳಿಸುವ ಅಲೆಯನ್ನು ನುಣುಪಾದ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂದು ಫ್ರಾನ್ಸಿನ ಜೋಸೆಫ್ ಫೋರಿಯೆ 1822ರ ತನ್ನ ಗ್ರಂಥದಲ್ಲಿ ವಿವರಿಸಿದ್ದ. ಚೌಕದ ಅಲೆಯನ್ನು ಹಾಗೆ ಬಿಡಿಸಿದರೆ 50 ಹರ್ಟ್ಸ್ ಜೊತೆಗೆ 150, 250, 350 ಹರ್ಟ್ಸ್‌ನ ಅಲೆಗಳೂ ಸಿಗುತ್ತವೆ. ಅವುಗಳ ಪ್ರಮಾಣ ಕ್ರಮವಾಗಿ ಮೂರರಲ್ಲೊಂದು, ಐದರಲ್ಲೊಂದು, ಏಳರಲ್ಲೊಂದು ಪಾಲು. ಮೂಲ ಅಲೆ 300 ಆಂಪಿಯರ್ ಇದ್ದರೆ 150 ಹರ್ಟ್ಸ್‌ನದೇ 100 ಆಂಪಿಯರ್! ಎಂಜಿನ್ನಿನ ಟ್ರಾನ್ಸ್‌ಫಾರ್ಮರ್ ಚೌಕದ ಅಂಚುಗಳನ್ನು ಸವೆಸುವುದರಿಂದ ನಿಜದಲ್ಲಿ ಇದು ತುಸು ಕಡಿಮೆ. ಈ ಹೆಚ್ಚುವರಿ ಅಲೆಗಳೇ ಹಾರ್ಮೋನಿಕ್ಸ್.

ಮೂರೂ ಫೇಸ್‌ಗಳಲ್ಲಿ ಸಮನಾಗಿ ಹಂಚಿದ ಹೊರೆಯಾದರೆ 150 ಹರ್ಟ್ಸ್‌ನ ಅಲೆ ಟ್ರಾನ್ಸ್‌ಫಾರ್ಮರಿನ ಡೆಲ್ಟಾ (ತ್ರಿಕೋನ ಜೋಡಣೆಯ) ಸುರುಳಿಯೊಳಗೇ ಸುತ್ತಿಕೊಂಡು ಉಳಿಯುತ್ತದೆ. ರೈಲಿನ ಹೊರೆ ಎರಡೇ ತಂತಿಗಳ ಮೇಲೆ ಬೀಳುವುದರಿಂದ ಅದಕ್ಕೆ ಆ ತಡೆ ಇಲ್ಲ. ಮೇಲೇರಿದ ಅಲೆ ಟ್ರಾನ್ಸ್‌ಫಾರ್ಮರ್, ಮೋಟಾರುಗಳನ್ನು ವೃಥಾ ಕಾಯಿಸಿ ಅವುಗಳ ಆಯಸ್ಸು ತಗ್ಗಿಸುತ್ತದೆ. ಪವರ್ ಫ್ಯಾಕ್ಟರ್ ಸರಿಪಡಿಸಲು ಹಾಕುವ ಕೆಪ್ಯಾಸಿಟರ್‌ಗಳಿಂದ ಇನ್ನೂ ದೊಡ್ಡ ಅಪಾಯ. ಅವು ಗ್ರಿಡ್‌ನ ಇಂಡಕ್ಟನ್ಸ್ ಜೊತೆ ಸೇರಿ ಯಾವುದೋ ಒಂದು ಹಾರ್ಮೋನಿಕ್‌ಗೆ ಅನುರಣಿಸಿದರೆ, ಸರಿಯಾದ ತಾಳಕ್ಕೆ ತಳ್ಳಿದ ಉಯ್ಯಾಲೆಯಂತೆ ಆ ಅಲೆ ಬೆಳೆಯುತ್ತದೆ. ಅದಕ್ಕೇ ಕೆಪ್ಯಾಸಿಟರ್‌ಗೆ ಸರಣಿಯಲ್ಲಿ ರಿಯಾಕ್ಟರ್ ಎಂಬ ಸುರುಳಿ ಜೋಡಿಸಿ, ಆ ಜೋಡಿಯ ಅನುರಣನವನ್ನು 150 ಹರ್ಟ್ಸ್‌ಗಿಂತ ಕೆಳಗೆ ಇಳಿಸುತ್ತಾರೆ. ಹಾರ್ಮೋನಿಕ್‌ಗಳ ಕಾಟ ಸಿಗ್ನಲ್‌ಗೂ ತಟ್ಟಬಹುದು. ಹಳಿಯ ಮೇಲೆ ರೈಲಿದೆಯೇ ಎಂದು ಪತ್ತೆಹಚ್ಚುವ ಒಂದು ಬಗೆಯ ಸಿಗ್ನಲ್ ಸರ್ಕ್ಯೂಟು 83⅓ ಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಇದು 50ರ ಯಾವ ಅಪವರ್ತ್ಯವೂ ಅಲ್ಲದ್ದರಿಂದ ಆ ಸರ್ಕ್ಯೂಟು ಹಾರ್ಮೋನಿಕ್‌ಗಳನ್ನು ತನ್ನದೇ ಸಂಕೇತವೆಂದು ತಪ್ಪು ತಿಳಿಯುವ ಭಯ ಕಡಿಮೆ.

ಒಳ್ಳೆಯ ಮದ್ದು ಬಂದಿರುವುದೂ ಎಂಜಿನ್ನಿನೊಳಗೇ. ಡಬ್ಲ್ಯೂಎಜಿ-9, ಡಬ್ಲ್ಯೂಎಪಿ-7 ಎಂಜಿನ್ನುಗಳಲ್ಲಿ ಡಯೋಡ್‌ಗಳ ಬದಲು ಸೆಕೆಂಡಿಗೆ ನೂರಾರು ಸಲ ತೆರೆದು ಮುಚ್ಚುವ ಅರೆವಾಹಕ ಸ್ವಿಚ್ಚುಗಳಿವೆ. ಅವು ಕರೆಂಟನ್ನು ಸಣ್ಣ ಸಣ್ಣ ತುಣುಕುಗಳಲ್ಲಿ ಎಳೆದು ಅಲೆಗೆ ನುಣುಪು ಮರಳಿಸುತ್ತವೆ. ಬ್ರೇಕ್ ಹಾಕಿದಾಗ ವಿದ್ಯುತ್ತನ್ನು ತಂತಿಗೇ ಹಿಂದಿರುಗಿಸುತ್ತವೆ. ಉಳಿಯುವ ಹಾರ್ಮೋನಿಕ್‌ಗಳ ಆವರ್ತನ ಹೆಚ್ಚು, ಗಾತ್ರ ಚಿಕ್ಕದು. ಆದರೂ ಹಲವು ಎಂಜಿನ್ನುಗಳು ಒಂದೇ ತಂತಿಯಡಿ ಓಡುವಾಗ ಅವೂ ಅನುರಣನ ಎಬ್ಬಿಸಬಲ್ಲವು.

ದೊಡ್ಡ ಗ್ರಾಹಕರು ಗ್ರಿಡ್‌ಗೆ ಸೇರುವಲ್ಲಿ ಹಾರ್ಮೋನಿಕ್‌ಗಳಿಂದಾಗುವ ವೋಲ್ಟೇಜಿನ ಒಟ್ಟು ವಿರೂಪ ಶೇ 5ನ್ನು ಮೀರಕೂಡದೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2007ರ ನಿಯಮ ಹೇಳಿತ್ತು. ಕಾಯ್ದ ಟ್ರಾನ್ಸ್‌ಫಾರ್ಮರಿನ ಖರ್ಚು ಕಡೆಗೆ ನಮ್ಮೆಲ್ಲರ ಬಿಲ್ಲಿನಲ್ಲೇ ಸೇರುತ್ತದೆ. ಆದ್ದರಿಂದ ವಿದ್ಯುದೀಕರಣದ ಸಾಧನೆಯನ್ನು ಕಿಲೋಮೀಟರುಗಳಲ್ಲಿ ಹೇಳುವಾಗ, ಪ್ರತಿ ಸಬ್‌ಸ್ಟೇಷನ್ನಿನಲ್ಲಿ ಅಳೆದ ವಿರೂಪದ ಅಂಕಿಯನ್ನೂ ಜನರ ಮುಂದಿಡಬೇಕು.