ಗೊತ್ತಿರುವ ಪಾತ್ರ, ಗೊತ್ತಿಲ್ಲದ ಕಥೆ

ಹ್ಯಾರಿ ಪಾಟರ್ ಸರಣಿಯ ಮೂರನೆಯ ಕಾದಂಬರಿಯಲ್ಲಿ ರೀಮಸ್ ಲೂಪಿನ್ ಎಂಬ ಅಧ್ಯಾಪಕ ಬರುತ್ತಾನೆ. ಅವನ ಗೆಳೆಯ ಸಿರಿಯಸ್ ಬ್ಲ್ಯಾಕ್ ತಾನು ಮಾಡದ ತಪ್ಪಿಗೆ 12 ವರ್ಷ ಅಜ್ಕಬಾನ್ ಸೆರೆಮನೆಯಲ್ಲಿ ಕೊಳೆತವನು. ಸಿರಿಯಸ್ಸೇ ದ್ರೋಹಿ ಎಂದು ನಂಬಿ ಲೂಪಿನ್ ಅಷ್ಟೂ ಕಾಲ ಹೇಗೆ ಬದುಕಿದ? ಕಾದಂಬರಿ ಹೆಚ್ಚೇನೂ ಹೇಳುವುದಿಲ್ಲ. ಪುಸ್ತಕ ಮುಗಿದ ಮೇಲೂ ಈ ಪ್ರಶ್ನೆ ಬಿಡದೆ ಕಾಡಿದಾಗ ಎಷ್ಟೋ ಎಳೆಯರು ಉತ್ತರವನ್ನು ತಾವೇ ಬರೆಯಲು ಕೂತರು. ಹೀಗೆ ಮೆಚ್ಚಿನ ಕೃತಿಯ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಕಟ್ಟುವ ಕಥೆಯೇ ಫ್ಯಾನ್‌ಫಿಕ್ಷನ್.

ಪಾತ್ರ ಸಿದ್ಧವಾಗಿಯೇ ಸಿಗುವುದರಿಂದ ಕೆಲಸ ಸುಲಭವೆನಿಸಬಹುದು. ಕಷ್ಟ ಇರುವುದೂ ಅಲ್ಲೇ. ಮೂಲದಲ್ಲಿ ನಡೆದದ್ದನ್ನು ಇವರು ‘ಕ್ಯಾನನ್’ ಎನ್ನುತ್ತಾರೆ. ಲೂಪಿನ್ ಮೆದುಮಾತಿನವನು, ತೇಪೆ ಹಾಕಿದ ನಿಲುವಂಗಿಯವನು, ಹೆದರಿದ ಮಕ್ಕಳಿಗೆ ಚಾಕೊಲೇಟ್ ಕೊಡುವವನು, ಹುಣ್ಣಿಮೆಗೊಮ್ಮೆ ತೋಳವಾಗುವವನು. ಅವನು ವಿನಾಕಾರಣ ಅಬ್ಬರಿಸಿದರೆ ಓದುಗರು ತಕ್ಷಣ ‘ಇವನು ನಮ್ಮ ಲೂಪಿನ್ ಅಲ್ಲ’ ಎನ್ನುತ್ತಾರೆ. ಇನ್ನೊಂದು ಕಟ್ಟು ಕಾಲದ್ದು: 1994ರವರೆಗೆ ಅವನಿಗೆ ನಿಜ ತಿಳಿಯುವಂತಿಲ್ಲ. ಓದುಗರಿಗೋ ಅದು ಮೊದಲೇ ಗೊತ್ತು. ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ ಗೆಳೆಯನ ಪತ್ರವನ್ನು ಸುಡಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಲೂಪಿನ್ ಕೂತನೆಂದು ಬರೆದರೆ ಸಾಕು, ಕರುಳು ಹಿಂಡುತ್ತದೆ. ಹಿನ್ನೆಲೆ ವಿವರಿಸಲು ಒಂದು ವಾಕ್ಯವೂ ಬೇಕಿಲ್ಲ.

ಕರಾವಳಿಯ ತಾಳಮದ್ದಳೆ ಕೇಳಿದವರು ಈ ಸುಖವನ್ನು ಬಲ್ಲರು. ಕರ್ಣ ಸಾಯುತ್ತಾನೆಂದು ಸಭೆಗೆಲ್ಲ ಗೊತ್ತು. ಇಂದಿನ ಅರ್ಥಧಾರಿ ಅವನಿಂದ ಏನು ಆಡಿಸುತ್ತಾನೆಂದು ಕೇಳಲು ಜನ ನಿದ್ದೆಗೆಟ್ಟು ಕೂರುತ್ತಾರೆ.

ಫ್ಯಾನ್‌ಫಿಕ್ಷನ್‌ನಲ್ಲಿ ಪ್ರಕಾರಗಳೂ ಹಲವು. ‘ಡ್ರಾಬಲ್’ ಎಂದರೆ ಸರಿಯಾಗಿ 100 ಪದಗಳ ಕಥೆ. ಒಂದು ಪದ ಹೆಚ್ಚಾದರೂ ಕತ್ತರಿ ಹಾಕಬೇಕು. ‘ಎಯು’ ಎಂಬ ಪರ್ಯಾಯ ಲೋಕದ ಕಥೆಯಲ್ಲಿ ಸಿರಿಯಸ್ ಸೆರೆಗೇ ಹೋಗದಿರಬಹುದು. ಸನ್ನಿವೇಶ ಎಷ್ಟು ಬದಲಾದರೂ ಸ್ವಭಾವ ಉಳಿಯಬೇಕು ಎಂಬುದೇ ಅಲ್ಲಿನ ಪರೀಕ್ಷೆ.

ಈ ಹವ್ಯಾಸ ಇಂಟರ್ನೆಟ್‌ಗಿಂತ ಹಳೆಯದು. 1966ರಲ್ಲಿ ಅಮೆರಿಕದ ಟಿವಿಯಲ್ಲಿ ‘ಸ್ಟಾರ್ ಟ್ರೆಕ್’ ಶುರುವಾದ ಮರುವರ್ಷವೇ ಅಭಿಮಾನಿಗಳು ‘ಸ್ಪಾಕನೇಲಿಯಾ’ ಎಂಬ ಪತ್ರಿಕೆ ತಂದರು. 1998ರಲ್ಲಿ ‘ಫ್ಯಾನ್‌ಫಿಕ್ಷನ್ ಡಾಟ್ ನೆಟ್’ ಬಂತು. 2009ರಲ್ಲಿ ಸಾರ್ವಜನಿಕರಿಗೆ ತೆರೆದ ‘ಆರ್ಕೈವ್ ಆಫ್ ಅವರ್ ಓನ್’ ಜಾಹೀರಾತಿಲ್ಲದೆ, ದೇಣಿಗೆಯಿಂದ, ಸ್ವಯಂಸೇವಕರ ದುಡಿಮೆಯಿಂದ ನಡೆಯುತ್ತಿದೆ. ಓದುಗರಿಗೆ ಬೇಕಾದ ಕಥೆ ಸಿಗಲೆಂದು ಲೇಖಕರು ಹಚ್ಚಿದ ಟ್ಯಾಗ್‌ಗಳನ್ನು ಹೊಂದಿಸುವವರೂ ಸ್ವಯಂಸೇವಕರೇ. 2019ರಲ್ಲಿ ಈ ತಾಣಕ್ಕೆ ಹ್ಯೂಗೋ ಪ್ರಶಸ್ತಿ ಬಂತು.

ಎಳೆಯರನ್ನು ಹಿಡಿದಿಡುವುದು ಇಲ್ಲಿನ ಸಂಗ. ಪ್ರಕಾಶಕರನ್ನು ಕಾಯಬೇಕಿಲ್ಲ, ಸ್ವಂತ ಹೆಸರು ಹಾಕಬೇಕಿಲ್ಲ, ಪಾತ್ರವನ್ನು ಆಗಲೇ ಪ್ರೀತಿಸುವ ಓದುಗರಿದ್ದಾರೆ. ಪ್ರಕಟಿಸುವ ಮೊದಲು ‘ಬೀಟಾ’ ಎಂಬ ಜೊತೆಗಾರ ಓದಿ ತಿದ್ದುತ್ತಾನೆ. ಒಂದೊಂದೇ ಅಧ್ಯಾಯ ಹೊರಬಂದಂತೆ ಯಾವ ಮಾತು ತಟ್ಟಿತು, ಎಲ್ಲಿ ಎಳೆದಂತಾಯಿತು ಎಂದು ಓದುಗರು ಹೇಳುತ್ತಾರೆ. ಹದಿನೈದರ ಹುಡುಗಿಯ ಬರವಣಿಗೆಗೆ ಇಷ್ಟು ಬೇಗ, ಇಷ್ಟು ಅಕ್ಕರೆಯ ಉತ್ತರ ಬೇರೆಲ್ಲಿ ಸಿಗುತ್ತದೆ?

ಇವರಲ್ಲಿ ಕೆಲವರು ಮುಂದೆ ಸ್ವಂತ ಕಾದಂಬರಿ ಬರೆದಾರು, ಹಲವರು ಬರೆಯದಿದ್ದಾರು. ಆದರೆ ಒಬ್ಬ ಮನುಷ್ಯ ಏನು ಆಡುತ್ತಾನೆ, ಏನನ್ನು ಎಂದಿಗೂ ಆಡಲಾರ ಎಂದು ಗಮನಿಸುತ್ತ ಒಂದು ಪುಸ್ತಕವನ್ನು ಮತ್ತೆ ಮತ್ತೆ ಓದಿದವರು ಅವರೆಲ್ಲ. ಸಾಹಿತ್ಯಕ್ಕೆ ಇದಕ್ಕಿಂತ ಒಳ್ಳೆಯ ಓದುಗರು ಬೇಕಿಲ್ಲ.