ಹಿಂದುಳಿದ ತಾಲ್ಲೂಕಿನ ಸಣ್ಣ ಉದ್ಯಮಗಳಿಗೆ ಸರ್ಕಾರಿ ಟೆಂಡರ್‌ನಲ್ಲಿ ಶೇ. 25 ಮೀಸಲಾತಿ ಇದೆಯೇ?

"ಬಾದಾಮಿ, ಹುನಗುಂದ, ಇಳಕಲ್‌ನಂಥ ಹಿಂದುಳಿದ ತಾಲ್ಲೂಕುಗಳ ಸಣ್ಣ ಉದ್ಯಮಿಗಳಿಗೆ ಸಿಹಿಸುದ್ದಿ! ಸರ್ಕಾರಿ ಟೆಂಡರ್‌ಗಳಲ್ಲಿ ಶೇ. 25 ನಿಮಗೇ ಮೀಸಲು. ಶೇ. 15ರಷ್ಟು ಹೆಚ್ಚು ದರ ಹಾಕಿದರೂ ಆರ್ಡರ್ ಗ್ಯಾರಂಟಿ. ಕೂಡಲೇ ಲಿಂಕ್ ಒತ್ತಿ, ಶುಲ್ಕ ಕಟ್ಟಿ ನೋಂದಣಿ ಮಾಡಿಸಿ."

ಈ ಧಾಟಿಯ ಮೆಸೇಜ್ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿರುವ 25 ಮತ್ತು 15 ಎಂಬ ಎರಡು ಅಂಕಿಗಳೂ ಸರ್ಕಾರದ ಆದೇಶದಲ್ಲಿವೆ. ಆದರೆ ಅವಕ್ಕೆ ಕೊಟ್ಟಿರುವ ಅರ್ಥ ತಪ್ಪು. ಅರ್ಧ ನಿಜ ಇರುವುದರಿಂದಲೇ ಇಂಥ ಮೆಸೇಜ್ ನಂಬಿ ದುಡ್ಡು ಕಳೆದುಕೊಳ್ಳುವುದು ಸುಲಭ. ಹಾಗಾಗಿ ಒಂದೊಂದೇ ವಿಷಯ ಬಿಡಿಸಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಕೇಂದ್ರ ಸರ್ಕಾರದ ಖರೀದಿಯಲ್ಲಿ ಸಣ್ಣ ಉದ್ಯಮಗಳಿಗೆ ಆದ್ಯತೆ ಇದೆ. ಆದರೆ ಅದು ಉದ್ಯಮದ ಗಾತ್ರ ಮತ್ತು ಮಾಲೀಕರು ಯಾರು ಎಂಬುದನ್ನು ನೋಡುತ್ತದೆ, ನಿಮ್ಮ ಊರು ಯಾವುದು ಎಂಬುದನ್ನಲ್ಲ. ಇದಕ್ಕೆ ಬೇಕಾದ ಉದ್ಯಮ್ ನೋಂದಣಿಗೆ ಒಂದು ರೂಪಾಯಿಯೂ ಖರ್ಚಿಲ್ಲ.

ಶೇ. 25 ಎಲ್ಲಿಂದ ಬಂತು?

2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಡಿ ಕೇಂದ್ರ ಸರ್ಕಾರ 2012ರಲ್ಲಿ ಒಂದು ಖರೀದಿ ಆದೇಶ ಹೊರಡಿಸಿತು. ಕೇಂದ್ರದ ಸಚಿವಾಲಯಗಳು, ಇಲಾಖೆಗಳು ಮತ್ತು ಕೇಂದ್ರ ಸರ್ಕಾರಿ ಸ್ವಾಮ್ಯದ ಕಂಪನಿಗಳು ವರ್ಷಕ್ಕೆ ಕೊಳ್ಳುವ ಸರಕು ಮತ್ತು ಸೇವೆಗಳಲ್ಲಿ ಕನಿಷ್ಠ ಶೇ. 20ನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು ಎಂಬುದು ಅದರ ತಿರುಳು. 2018ರ ತಿದ್ದುಪಡಿ ಇದನ್ನು ಶೇ. 25ಕ್ಕೆ ಏರಿಸಿತು. ಇದರೊಳಗೆ ಶೇ. 4 ಪರಿಶಿಷ್ಟ ಜಾತಿ ಮತ್ತು ಪಂಗಡದವರ ಉದ್ಯಮಗಳಿಗೆ, ಶೇ. 3 ಮಹಿಳೆಯರ ಉದ್ಯಮಗಳಿಗೆ. ಇದಲ್ಲದೆ 358 ವಸ್ತುಗಳನ್ನು ಈ ಉದ್ಯಮಗಳಿಂದಲೇ ಕೊಳ್ಳಬೇಕೆಂದು ಕಾಯ್ದಿರಿಸಲಾಗಿದೆ.

ಗಮನಿಸಿ, ಶೇ. 25 ಎಂಬುದು ಕೊಳ್ಳುವ ಇಲಾಖೆಗೆ ಹಾಕಿದ ವಾರ್ಷಿಕ ಗುರಿ. ಮಾರುವವರಿಗೆ ಕೊಟ್ಟ ಗ್ಯಾರಂಟಿ ಅಲ್ಲ. ಆ ಇಲಾಖೆ ತನ್ನ ಗುರಿಯನ್ನು ಪೂರ್ತಿಯಾಗಿ ಬೆಂಗಳೂರಿನ ಪೀಣ್ಯದ ಸಣ್ಣ ಉದ್ಯಮಗಳಿಂದಲೇ ಮುಟ್ಟಿದರೂ ಆದೇಶದ ಪ್ರಕಾರ ತಪ್ಪಿಲ್ಲ. ಇಳಕಲ್‌ನ ಘಟಕಕ್ಕೂ ಪೀಣ್ಯದ ಘಟಕಕ್ಕೂ ಈ ಆದೇಶದ ಕಣ್ಣಲ್ಲಿ ವ್ಯತ್ಯಾಸವಿಲ್ಲ.

ಶೇ. 15ರ ಲೆಕ್ಕ ಏನು?

ಒಂದು ಉದಾಹರಣೆ ನೋಡೋಣ. ಆಲಮಟ್ಟಿ ಹತ್ತಿರದ ಕೂಡಗಿಯಲ್ಲಿ ಎನ್‌ಟಿಪಿಸಿಯ ವಿದ್ಯುತ್ ಸ್ಥಾವರವಿದೆ. ಅದು ಕೇಂದ್ರ ಸರ್ಕಾರಿ ಕಂಪನಿ. ಅತಿಥಿಗೃಹಕ್ಕೆ 1,000 ಬೆಡ್‌ಶೀಟ್ ಬೇಕೆಂದು ಅದು ಟೆಂಡರ್ ಕರೆದಿದೆ ಎಂದುಕೊಳ್ಳಿ. ಒಂದು ದೊಡ್ಡ ಮಿಲ್ 400 ರೂಪಾಯಿ ದರ ಹಾಕಿತು. ಅದೇ ಎಲ್ಲಕ್ಕಿಂತ ಕಡಿಮೆ. ಹುನಗುಂದದ ಒಂದು ಸಣ್ಣ ಘಟಕ 450 ರೂಪಾಯಿ ಹಾಕಿತು.

400ಕ್ಕೆ ಶೇ. 15 ಸೇರಿಸಿದರೆ 460. ಹುನಗುಂದದ ದರ ಈ ಮಿತಿಯೊಳಗಿದೆ. ಆದ್ದರಿಂದ "400 ರೂಪಾಯಿಗೆ ಕೊಡುತ್ತೀರಾ?" ಎಂದು ಆ ಘಟಕವನ್ನು ಕೇಳಬೇಕು. ಒಪ್ಪಿದರೆ 250 ಬೆಡ್‌ಶೀಟ್‌ಗಳ ಆರ್ಡರ್ ಅದಕ್ಕೆ ಸಿಗುತ್ತದೆ. ಮಿತಿಯೊಳಗೆ ಇಂಥ ಘಟಕಗಳು ಹಲವಿದ್ದರೆ ಆ 250 ಅವುಗಳ ನಡುವೆ ಹಂಚಿಕೆಯಾಗುತ್ತದೆ. ಭಾಗ ಮಾಡಲಾಗದ ಟೆಂಡರ್ ಆದರೆ ಪೂರ್ತಿ ಆರ್ಡರನ್ನೂ ಕೊಡಬಹುದು.

ಅಂದರೆ ಯಾರೂ ನಿಮಗೆ 450 ಕೊಡುವುದಿಲ್ಲ. ಕಡಿಮೆ ದರಕ್ಕೆ ಇಳಿಯಲು ಒಂದು ಅವಕಾಶ ಕೊಡುತ್ತಾರೆ, ಅಷ್ಟೇ. 400ಕ್ಕೆ ಕೊಟ್ಟರೆ ನೂಲು, ಬಣ್ಣ, ಕೂಲಿ ಗಿಟ್ಟುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿಕೊಂಡೇ ದರ ಹಾಕಬೇಕು.

ಹಾಗಾದರೆ ಊರಿನ ಮೇಲೆ ಏನೂ ಸಿಗುವುದಿಲ್ಲವೇ?

ಸಿಗುತ್ತದೆ, ಆದರೆ ಬೇರೆ ಕಡೆ. ಗೊಂದಲ ಹುಟ್ಟುವುದೇ ಇಲ್ಲಿ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಆ ಪಟ್ಟಿ ಅಭಿವೃದ್ಧಿ ಅನುದಾನಕ್ಕೆ ದಾರಿಯಾಯಿತು. ರಾಜ್ಯದ ಕೈಗಾರಿಕಾ ನೀತಿಯೂ ತಾಲ್ಲೂಕುಗಳನ್ನು ವಲಯಗಳಾಗಿ ವಿಂಗಡಿಸಿ ಹೊಸ ಘಟಕಗಳಿಗೆ ಪ್ರೋತ್ಸಾಹಧನ ಕೊಡುತ್ತದೆ. ಇವು ಘಟಕ ಕಟ್ಟಲು ಸಿಗುವ ನೆರವು. ತಯಾರಾದ ಮಾಲನ್ನು ಸರ್ಕಾರ ಕೊಳ್ಳುತ್ತದೆ ಎಂಬ ಭರವಸೆಯಲ್ಲ.

ಇನ್ನೊಂದು ಗೊಂದಲ 371(ಜೆ) ವಿಧಿಯದು. ಇಳಕಲ್ ದಾಟಿದರೆ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕು ಬರುತ್ತದೆ. ಕುಷ್ಟಗಿ ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದು, 371(ಜೆ) ಅಲ್ಲಿ ಅನ್ವಯ. ಬಾಗಲಕೋಟೆ ಜಿಲ್ಲೆಗೆ ಅದು ಅನ್ವಯವಾಗುವುದಿಲ್ಲ. ಅನ್ವಯವಾಗುವಲ್ಲಿಯೂ ಅದರ ಮೀಸಲಾತಿ ಶಿಕ್ಷಣ ಮತ್ತು ಸರ್ಕಾರಿ ನೌಕರಿಗೆ, ಟೆಂಡರ್‌ಗಲ್ಲ.

ಊರನ್ನೇ ನೋಡಿ ಸರ್ಕಾರಿ ಗುತ್ತಿಗೆ ಕೊಡುವ ಪದ್ಧತಿ ಅಮೆರಿಕದಲ್ಲಿದೆ. ಅದರ ಹೆಸರು ಹಬ್‌ಝೋನ್. ಗುರುತಿಸಿದ ಬಡ ಪ್ರದೇಶದಲ್ಲಿ ಉದ್ಯಮದ ಮುಖ್ಯ ಕಚೇರಿ ಇರಬೇಕು, ಕನಿಷ್ಠ ಶೇ. 35 ನೌಕರರು ಅಂಥ ಪ್ರದೇಶಗಳಲ್ಲಿ ವಾಸವಿರಬೇಕು. ಅಲ್ಲಿನ ಕೇಂದ್ರ ಸರ್ಕಾರದ ಗುತ್ತಿಗೆಗಳಲ್ಲಿ ಶೇ. 3 ಇಂಥವರಿಗೆ ಹೋಗಬೇಕೆಂಬ ಗುರಿಯಿದೆ. ಕೆಲವು ಟೆಂಡರ್‌ಗಳಲ್ಲಿ ಶೇ. 10ರವರೆಗೆ ಹೆಚ್ಚಿನ ದರ ಇದ್ದರೂ ಅವರೇ ಗೆಲ್ಲಬಹುದು. ಫಾರ್ವರ್ಡ್ ಮೆಸೇಜ್ ವರ್ಣಿಸುವುದು ಹೆಚ್ಚುಕಡಿಮೆ ಇಂಥದ್ದನ್ನು. ನಮ್ಮ 2012ರ ಆದೇಶದಲ್ಲಿ ಅದಿಲ್ಲ. ಇರಬೇಕಿತ್ತೇ ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಇಲ್ಲದ್ದನ್ನು ಇದೆ ಎಂದು ನಂಬಿ ಶುಲ್ಕ ಕಟ್ಟುವುದು ಬೇರೆ ಮಾತು.

ಯಾವುದಕ್ಕೆ ಈ ಆದ್ಯತೆ ಅನ್ವಯಿಸದು?

• ವ್ಯಾಪಾರಿಗಳಿಗೆ ಇಲ್ಲ. 2021ರಿಂದ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳೂ ಉದ್ಯಮ್ ನೋಂದಣಿ ಮಾಡಿಸಬಹುದು. ಆದರೆ ಅದು ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕಷ್ಟೇ. ಸೀರೆ ನೇಯಿಸುವ ಘಟಕಕ್ಕೆ ಖರೀದಿ ಆದ್ಯತೆ ಉಂಟು, ಕೊಂಡು ಮಾರುವ ಅಂಗಡಿಗೆ ಇಲ್ಲ.

• ಕಾಮಗಾರಿಗಳಿಗೆ ಇಲ್ಲ. ರಸ್ತೆ, ಕಟ್ಟಡ, ಕಾಲುವೆ ಗುತ್ತಿಗೆ ಇದರಲ್ಲಿ ಬರುವುದಿಲ್ಲ. ಇಳಕಲ್‌ನಲ್ಲಿ ಗ್ರಾನೈಟ್ ಪಾಲಿಶ್ ಮಾಡಿ ಚಪ್ಪಡಿ ಪೂರೈಸಿದರೆ ಅದು ಸರಕು. ಅದೇ ಚಪ್ಪಡಿ ಹಾಕಿ ಕಟ್ಟಡ ಕಟ್ಟಿಕೊಡುವ ಗುತ್ತಿಗೆ ಕಾಮಗಾರಿ.

• ರಾಜ್ಯದ ಟೆಂಡರ್‌ಗಳಿಗೆ ಈ ಆದೇಶ ಅನ್ವಯಿಸುವುದಿಲ್ಲ. ನಗರಸಭೆ, ಜಿಲ್ಲಾ ಪಂಚಾಯಿತಿ, ಲೋಕೋಪಯೋಗಿ ಇಲಾಖೆಗಳಿಗೆ 1999ರ ಕೆಟಿಪಿಪಿ ಕಾಯ್ದೆ ಇದೆ. ಅದರಡಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಮೀಸಲು ತರಲಾಯಿತು. ಇದರ ಮೊತ್ತದ ಮಿತಿಯನ್ನು 2023ರಲ್ಲಿ 50 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿಸಲಾಯಿತು. ಈ ಮೀಸಲಿಗೂ ಆಧಾರ ಗುತ್ತಿಗೆದಾರರ ಜಾತಿ, ತಾಲ್ಲೂಕಲ್ಲ.

ಕೈಮಗ್ಗ ನೇಕಾರರು ತಿಳಿಯಬೇಕಾದ್ದು

ಮೆಸೇಜ್‌ನಲ್ಲಿ ಇಲ್ಲದ, ಆದರೆ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣದ ನಾಡಿಗೆ ಹೆಚ್ಚು ಸಂಬಂಧಿಸಿದ ನಿಯಮ ಇನ್ನೊಂದಿದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ 153ನೇ ನಿಯಮದ ಪ್ರಕಾರ, ಕೇಂದ್ರ ಇಲಾಖೆಗಳು ತಮಗೆ ಬೇಕಾದ ಬಟ್ಟೆಯಲ್ಲಿ ಕನಿಷ್ಠ ಶೇ. 20 ಕೈಮಗ್ಗದ್ದನ್ನು ಕೊಳ್ಳಬೇಕು. ಅದನ್ನು ಖಾದಿ ಆಯೋಗದಿಂದ ಅಥವಾ ನೇಕಾರರ ಸಹಕಾರ ಸಂಘ, ಸ್ವಸಹಾಯ ಸಂಘಗಳ ಒಕ್ಕೂಟ, ಪೆಹಚಾನ್ ಕಾರ್ಡ್ ಇರುವ ನೇಕಾರರಿಂದಲೇ ಕೊಳ್ಳಬೇಕು.

ಆದರೆ ಇಲಾಖೆಗಳು ಸೀರೆ, ಖಣ ಕೊಳ್ಳುವುದು ಅಪರೂಪ. ಅವಕ್ಕೆ ಬೇಕಾದದ್ದು ಬೆಡ್‌ಶೀಟ್, ಟವೆಲ್, ಪರದೆ, ಒರೆಸುವ ಬಟ್ಟೆ. ಜೊತೆಗೆ ವಿದ್ಯುತ್ ಮಗ್ಗದ ಬಟ್ಟೆಗೆ ಈ ಶೇ. 20ರಲ್ಲಿ ಪಾಲಿಲ್ಲ.

ನಿಜಕ್ಕೂ ಕೆಲಸಕ್ಕೆ ಬರುವ ಮೂರು ಸಂಗತಿ

1. ಉದ್ಯಮ್ ನೋಂದಣಿ ಉಚಿತ. 2020ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಆಧಾರ್ ಮತ್ತು ಪ್ಯಾನ್ ಬೇಕು, ಜಿಎಸ್‌ಟಿ ಅನ್ವಯಿಸುವವರಿಗೆ ಅದರ ಸಂಖ್ಯೆಯೂ ಬೇಕು. ವೆಬ್‌ಸೈಟ್ ವಿಳಾಸ ಸರ್ಕಾರದ್ದೇ, ಅಂದರೆ "ಜಿಒವಿ ಡಾಟ್ ಇನ್" ಎಂದು ಮುಗಿಯುತ್ತದೆಯೇ ನೋಡಿ. ಅಲ್ಲದಿದ್ದರೆ ಹೊರಬನ್ನಿ. ತಿಳಿಯದಿದ್ದರೆ ಬಾಗಲಕೋಟೆಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

2. ಕೇಂದ್ರದ ಟೆಂಡರ್‌ಗಳಲ್ಲಿ ಟೆಂಡರ್ ಫಾರ್ಮ್‌ಗೆ ಹಣ ಕಟ್ಟಬೇಕಿಲ್ಲ, ಇಎಂಡಿ ಠೇವಣಿಯಿಂದಲೂ ವಿನಾಯಿತಿ ಇದೆ. ಆದರೆ ಆರ್ಡರ್ ಸಿಕ್ಕ ಮೇಲೆ ಕೇಳುವ ಭದ್ರತಾ ಠೇವಣಿಗೆ ಈ ವಿನಾಯಿತಿ ಇಲ್ಲ. ಕೇಂದ್ರದ ಖರೀದಿಯ ಬಹುಭಾಗ ಜೆಮ್ ಪೋರ್ಟಲ್‌ನಲ್ಲಿ ನಡೆಯುತ್ತದೆ, ಆದ್ದರಿಂದ ಅಲ್ಲಿಯೂ ಮಾರಾಟಗಾರರಾಗಿ ಹೆಸರು ನೋಂದಾಯಿಸಬೇಕು.

3. ಮಾಲು ಕೊಟ್ಟ ಮೇಲೆ ಹಣ ಗರಿಷ್ಠ 45 ದಿನದೊಳಗೆ ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕ್‌ನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕನ್ನು 2006ರ ಕಾಯ್ದೆ ಕೊಟ್ಟಿದೆ. ಇದಕ್ಕಾಗಿ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸಣ್ಣ ಉದ್ಯಮಗಳು ಸೋಲುವುದು ಹಲವು ಸಲ ಆರ್ಡರ್ ಸಿಗದೆ ಅಲ್ಲ, ಬಿಲ್ ಪಾಸಾಗದೆ. ಹಾಗಾಗಿ ಮಾಲು ಕೊಡುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ.

ಫಾರ್ವರ್ಡ್ ಮಾಡುವ ಮುನ್ನ

"ನಿಮ್ಮ ತಾಲ್ಲೂಕಿಗೆ ಟೆಂಡರ್ ಮೀಸಲಾತಿ" ಎಂಬ ಮೆಸೇಜ್ ಬಂದರೆ ಮೂರು ಪ್ರಶ್ನೆ ಕೇಳಿ. ಯಾವ ಆದೇಶ, ಯಾವ ವರ್ಷದ್ದು? ಕೇಂದ್ರದ್ದೋ ರಾಜ್ಯದ್ದೋ? ಶುಲ್ಕ ಏಕೆ ಕೇಳುತ್ತಿದ್ದಾರೆ? ಮೂರನೆಯದಕ್ಕೆ ಸರಿಯಾದ ಉತ್ತರ ಇರುವುದಿಲ್ಲ. ಅಂಥ ಮೆಸೇಜ್ ಬಿಟ್ಟು, ಉದ್ಯಮ್ ನೋಂದಣಿ ಉಚಿತ ಎಂಬ ಒಂದು ಸಾಲನ್ನು ಗುಂಪಿಗೆ ಕಳಿಸಿ. ಮಗ್ಗ, ಮಷಿನ್ ಇಟ್ಟುಕೊಂಡು ದುಡಿಯುವ ಯಾರಾದರೊಬ್ಬರ ದುಡ್ಡು ಉಳಿಯುತ್ತದೆ.