ಒಂದೇ ಹಾಲು, ಹತ್ತಾರು ಪ್ಯಾಕೆಟ್: ಡೇರಿಯೊಳಗಿನ ಲೆಕ್ಕ ಏನು?

ಹೊಳೆನರಸೀಪುರ: ಬೆಳಗ್ಗೆ ಊರಿನ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರಿಗೆ ಹಾಲು ಅಂದ್ರೆ ಒಂದೇ. ಫ್ಯಾಟ್ ಎಷ್ಟು ಬಂತು, ಡಿಗ್ರಿ ಎಷ್ಟು ಬಂತು, ಬಟವಾಡೆ ಯಾವತ್ತು, ಇಷ್ಟೇ ವಿಚಾರ. ಅದೇ ಹಾಲು ನಂದಿನಿ ಹೆಸರಲ್ಲಿ ವಾಪಸ್ ಅಂಗಡಿಗೆ ಬರುವಾಗ ನೀಲಿ ಪ್ಯಾಕೆಟ್, ಶುಭಂ, ಸಮೃದ್ಧಿ, ಮೊಸರು, ಮಜ್ಜಿಗೆ, ಪನೀರ್, ತುಪ್ಪ, ಬಾಟಲಿ ಹಾಲು ಅಂತ ಹತ್ತಾರು ರೂಪ ತಾಳಿರುತ್ತದೆ. ಇಷ್ಟೊಂದು ಬಗೆ ಯಾಕೆ ಬೇಕು, ಅದರಿಂದ ರೈತನಿಗೆ ಲಾಭವೋ ನಷ್ಟವೋ ಅನ್ನೋದು ಆಗಾಗ ಕೇಳಿಬರುವ ಪ್ರಶ್ನೆ.

ಹಾಸನ, ಚಿಕ್ಕಮಗಳೂರು, ಕೊಡಗು ಈ ಮೂರು ಜಿಲ್ಲೆಗಳ ಹಾಲು ಹಾಸನ ಹಾಲು ಒಕ್ಕೂಟದ ವ್ಯಾಪ್ತಿಗೆ ಬರುತ್ತದೆ. ಬೇರೆ ಕಾರ್ಖಾನೆಗಳಿಗೂ ಡೇರಿಗೂ ಇರುವ ದೊಡ್ಡ ವ್ಯತ್ಯಾಸ ಒಂದೇ. ಆರ್ಡರ್ ಇಲ್ಲದಿದ್ದರೆ ಕಬ್ಬಿಣದ ಕಾರ್ಖಾನೆ ಕಚ್ಚಾಮಾಲು ತರಿಸುವುದಿಲ್ಲ. ಹಸುವಿಗೆ ಇವತ್ತು ರಜೆ ಅಂತ ಹೇಳೋಕಾಗಲ್ಲ. ಮಳೆ ಬಿದ್ದು ಹಸಿ ಮೇವು ಎದ್ದಾಗ ಹಾಲು ಏರುತ್ತದೆ, ಆದರೆ ಕುಡಿಯೋರು ಅದೇ ಲೆಕ್ಕದಲ್ಲಿ ಏರಲ್ಲ.

ಕೆನೆಯ ಲೆಕ್ಕ

ನಿಯಮದ ಪ್ರಕಾರ ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ 3 ಕೊಬ್ಬು, ಶೇ 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಇರಬೇಕು. ಸ್ಟ್ಯಾಂಡರ್ಡೈಸ್ಡ್ ಹಾಲಿಗೆ ಶೇ 4.5 ಕೊಬ್ಬು. ಫುಲ್ ಕ್ರೀಮ್ ಹಾಲಿಗೆ ಶೇ 6 ಕೊಬ್ಬು, ಶೇ 9 ಎಸ್‌ಎನ್‌ಎಫ್. ಇವಕ್ಕೆಲ್ಲ ಬೇರೆ ಬೇರೆ ಹಸು ಇಲ್ಲ. ಯಂತ್ರದಲ್ಲಿ ಕೆನೆ ಬೇರ್ಪಡಿಸಿ, ಬೇಕಾದಷ್ಟೇ ವಾಪಸ್ ಬೆರೆಸುತ್ತಾರೆ.

ಒಂದು ಲೆಕ್ಕ ನೋಡೋಣ. ಶೇ 3.5 ಕೊಬ್ಬಿನ 1,000 ಲೀಟರ್ ಹಾಲನ್ನು ಶೇ 3ಕ್ಕೆ ಇಳಿಸಿದರೆ ಉಳಿಯುವ ಕೊಬ್ಬು ಸುಮಾರು 5 ಕೆಜಿ. ಅಷ್ಟೇ ಹಾಲನ್ನು ಕೆನೆ ಸೇರಿಸಿ ಶೇ 6ಕ್ಕೆ ಏರಿಸಬೇಕಾದರೆ ಸುಮಾರು 29 ಕೆಜಿ ಕೊಬ್ಬು ಹೆಚ್ಚುವರಿ ಬೇಕು. ಅಂದರೆ ಒಂದು ಸಾವಿರ ಲೀಟರ್ ಫುಲ್ ಕ್ರೀಮ್ ಹಾಲಿನ ಹಿಂದೆ ಐದು ಸಾವಿರ ಲೀಟರ್‌ಗೂ ಹೆಚ್ಚು ಟೋನ್ಡ್ ಹಾಲಿನಿಂದ ತೆಗೆದ ಕೆನೆ ಇರುತ್ತದೆ. ತುಪ್ಪ, ಬೆಣ್ಣೆಯೂ ಅದೇ ಕೆನೆಗೆ ಕೈಯೊಡ್ಡುತ್ತವೆ. ಹಬ್ಬದ ಮುಂಚೆ ತುಪ್ಪಕ್ಕೆ ಬೇಡಿಕೆ ಏರಿದರೆ ಆ ಬಿಸಿ ಹಾಲಿನ ಪ್ಯಾಕೆಟ್‌ಗಳ ಯೋಜನೆಗೂ ತಟ್ಟುತ್ತದೆ.

ಹಾಗಾಗಿ ಹಾಲನ್ನು ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು ಬರೀ ಹಾಲಾಗಿಯೇ ಇಟ್ಟುಕೊಂಡು, ಯಾವ ಬಗೆ ಎಷ್ಟು ಅನ್ನೋದನ್ನ ಕೊನೆಗೆ ತೀರ್ಮಾನಿಸುವುದೇ ಜಾಣತನ. ಮೊದಲೇ ಮೊಸರು ಮಾಡಿಟ್ಟರೆ ಅದನ್ನ ವಾಪಸ್ ಹಾಲು ಮಾಡೋಕಾಗಲ್ಲ.

ತೊಳೆಯೋ ಹೊತ್ತು

ಬಗೆ ಹೆಚ್ಚಾದಂತೆ ಕಣ್ಣಿಗೆ ಕಾಣದ ಖರ್ಚೊಂದು ಏರುತ್ತದೆ: ಬದಲಾವಣೆಯ ಸಮಯ. ಒಂದು ಉತ್ಪನ್ನ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಪೈಪು, ಟ್ಯಾಂಕುಗಳೊಳಗೆ ಕಾಸ್ಟಿಕ್ ದ್ರಾವಣ, ಆಸಿಡ್, ನೀರು ಹರಿಸಿ ತೊಳೆಯಬೇಕಾಗುತ್ತದೆ. ಗಂಟೆಗೆ 5,000 ಲೀಟರ್ ಸಾಗಿಸುವ ಲೈನ್ ದಿನಕ್ಕೆ ಮೂರು ಸಲ, ಸಲಕ್ಕೆ 40 ನಿಮಿಷ ನಿಂತರೆ 10,000 ಲೀಟರ್ ಕೆಲಸ ನಿಂತ ಹಾಗೆ. ಅದಕ್ಕೇ ಸರದಿಯಲ್ಲೂ ಒಂದು ಲೆಕ್ಕ ಇದೆ. ತಿಳಿ ಬಣ್ಣ, ತಿಳಿ ವಾಸನೆಯದ್ದು ಮೊದಲು, ಚಾಕೊಲೇಟ್‌ನಂಥದ್ದು ಕೊನೆಗೆ. ಬಾದಾಮಿ ಆದಮೇಲೆ ಚಾಕೊಲೇಟ್ ಹಾಕಿದರೆ ತೊಳೆಯೋ ಕೆಲಸ ಹಗುರ, ತಿರುಗಾಮುರುಗಾ ಮಾಡಿದರೆ ಭಾರ.

ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ 1969ರಲ್ಲಿ ಟೊಯೋಟಾದ ಸಾವಿರ ಟನ್ ಪ್ರೆಸ್‌ನಲ್ಲಿ ಅಚ್ಚು ಬದಲಿಸುವ ನಾಲ್ಕು ಗಂಟೆಯ ಕೆಲಸವನ್ನು ಮೊದಲು ಒಂದೂವರೆ ಗಂಟೆಗೆ, ಆಮೇಲೆ ಮೂರೇ ನಿಮಿಷಕ್ಕೆ ಇಳಿಸಿದ್ದರು. ಯಂತ್ರ ಓಡುತ್ತಿರುವಾಗಲೇ ಮುಂದಿನ ಅಚ್ಚು, ಬೋಲ್ಟು ಎಲ್ಲ ಸಿದ್ಧ ಮಾಡಿಟ್ಟುಕೊಳ್ಳೋದು ಅದರ ಗುಟ್ಟು. ಡೇರಿಯಲ್ಲಿ ಆ ಪಾಠ ಅರ್ಧ ಮಾತ್ರ ನಡೆಯುತ್ತದೆ. ಫಿಲ್ಮ್ ರೋಲ್ ಸಿದ್ಧ ಇಟ್ಟುಕೊಳ್ಳಬಹುದು, ತೊಳೆಯೋದನ್ನ ಅವಸರ ಮಾಡೋಕಾಗಲ್ಲ.

50 ಮಿ.ಲೀ. ಪಾಠ

ಹೊಸ ಯಂತ್ರವಿಲ್ಲದೆ ಹೆಚ್ಚುವರಿ ಹಾಲು ಸಾಗಿಸಲು ನೋಡಿದ ಪ್ರಯೋಗ ಎಲ್ಲರಿಗೂ ನೆನಪಿರಬೇಕು. ಹಾಲಿನ ಸಂಗ್ರಹ ದಿನಕ್ಕೆ ಒಂದು ಕೋಟಿ ಲೀಟರ್ ಸಮೀಪ ಬಂತೆಂದು 2024ರ ಜೂನ್ 26ರಿಂದ ಕೆಎಂಎಫ್ ಪ್ರತಿ ಪ್ಯಾಕೆಟ್‌ಗೆ 50 ಮಿ.ಲೀ. ಹೆಚ್ಚು ಹಾಲು ತುಂಬಿ, 2 ರೂಪಾಯಿ ಏರಿಸಿತು. ನೀಲಿ ಪ್ಯಾಕೆಟ್ 550 ಮಿ.ಲೀ.ಗೆ 24 ರೂಪಾಯಿ ಆಯಿತು. 2025ರ ಏಪ್ರಿಲ್ 1ರಿಂದ ಮತ್ತೆ 500 ಮಿ.ಲೀ.ಗೆ ಇಳಿಯಿತು, 24 ರೂಪಾಯಿ ಮಾತ್ರ ಅಲ್ಲೇ ನಿಂತಿತು. ಲೀಟರ್‌ಗೆ 4 ರೂಪಾಯಿಯ ಆ ಏರಿಕೆ ರೈತರಿಗೇ ಸೇರುತ್ತದೆ ಎಂದು ಆಗ ಹೇಳಲಾಗಿತ್ತು.

ಪ್ಯಾಕೆಟ್ ಯಂತ್ರದಲ್ಲಿ ಅಳತೆ ಬದಲಿಸೋದು ದೊಡ್ಡ ಕೆಲಸವಲ್ಲ. ತೊಡಕು ಇರೋದು ಮುದ್ರಿತ ಫಿಲ್ಮ್‌ನಲ್ಲಿ. ಪ್ರಮಾಣ, ದರ ಅದರ ಮೇಲೆಯೇ ಅಚ್ಚಾಗಿರಬೇಕು. ಒಂದೊಂದು ಬಗೆಗೂ, ಒಂದೊಂದು ಅಳತೆಗೂ ಬೇರೆ ರೋಲ್. ದರ ಬದಲಾದರೆ ಹಳೇ ರೋಲ್ ಗೋದಾಮಿನಲ್ಲಿ ಕೂರುತ್ತದೆ. ಪೆಟ್ ಬಾಟಲಿಯಲ್ಲಾದರೆ ಅಳತೆಗೆ ತಕ್ಕ ಅಚ್ಚೇ ಬೇರೆ ಬೇಕು.

ಬಾಟಲಿಯಿಂದ ಒಂದು ಅನುಕೂಲವಂತೂ ಇದೆ. ಪ್ಯಾಕೆಟ್ ಹಾಲನ್ನು ಸಾಮಾನ್ಯವಾಗಿ 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸುತ್ತಾರೆ, ಅದು ಫ್ರಿಜ್‌ನಲ್ಲಿದ್ದರೂ ಕೆಲವೇ ದಿನ. 135 ಡಿಗ್ರಿ ದಾಟಿಸಿ, ಕ್ರಿಮಿ ಸೋಂಕದಂತೆ ತುಂಬಿದ ಹಾಲು ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಇರುತ್ತದೆ. ಹಾಸನದ ಡೇರಿ ಪೆಟ್ ಬಾಟಲಿಯ ಸುವಾಸಿತ ಹಾಲಿಗೆ ಇಳಿದಿದ್ದರ ಲಾಭ ಇಲ್ಲೇ: ಮಾರಾಟಕ್ಕೆ ಸಮಯ ಸಿಗುತ್ತದೆ, ದೂರದ ಊರೂ ಸಿಗುತ್ತದೆ.

ಯಾವ ಲೈನ್‌ಗೂ ಹಿಡಿಸದ ಹಾಲು ಕೊನೆಗೆ ಪುಡಿಯಾಗುತ್ತದೆ. ಒಂದು ಕೆಜಿ ಕೆನೆಭರಿತ ಪುಡಿಗೆ ಸುಮಾರು 8 ಲೀಟರ್ ಹಸುವಿನ ಹಾಲು ಬೇಕು, ನೀರು ಇಂಗಿಸೋಕೆ ಇಂಧನ ಬೇರೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಈ ಪುಡಿಗೆ ಒಂದು ಖಾಯಂ ದಾರಿ ತೋರಿಸಿತು. ಶಾಲೆಯ ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿ.ಲೀ. ಹಾಲು. ಅದಕ್ಕೂ ಮೀರಿ ಉಳಿದದ್ದು ಮೂಟೆಗಳಲ್ಲಿ ಕೂತು ಮಾರುಕಟ್ಟೆ ದರ ಏರುವುದನ್ನು ಕಾಯುತ್ತದೆ. ಅಷ್ಟು ದಿನ ಒಕ್ಕೂಟದ ದುಡ್ಡು ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ಹಾಲು ಹೆಚ್ಚಾದ ತಿಂಗಳುಗಳಲ್ಲೇ ರಾಜ್ಯದ ಕೆಲವು ಒಕ್ಕೂಟಗಳು ರೈತರಿಗೆ ಕೊಡುವ ದರವನ್ನು ಲೀಟರ್‌ಗೆ ಒಂದೆರಡು ರೂಪಾಯಿ ಇಳಿಸಿದ್ದೂ ಉಂಟು.